ಸ್ಟುಡಿಯೊದ ರೋರಿ, ವೇದಿಕೆಯ ರೋರಿ: ಎಪ್ಪತ್ತರ ದಶಕದ ಹನ್ನೊಂದು ಆಲ್ಬಂಗಳಲ್ಲಿ ಯಾವುದನ್ನು ಮೊದಲು ಕೇಳಬೇಕು?

ಅಮೆರಿಕದ ಕಪ್ಪು ಜನರ ಬ್ಲೂಸ್ ಹಾಡುಗಳನ್ನು ರಾಕ್ ಸಂಗೀತದೊಡನೆ ಬೆರೆಸುವ ಬ್ಲೂಸ್-ರಾಕ್ ಶೈಲಿಯ, ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಹರ್ ಅವರನ್ನು ಕೇಳಬೇಕೆಂದು ಹೊರಟವರಿಗೆ ಎದುರಾಗುವ ಮೊದಲ ತೊಡಕು ಆಯ್ಕೆಯದು. 1971ರಿಂದ 1979ರ ವರೆಗೆ ಅವರು ತಮ್ಮ ಹೆಸರಿನಲ್ಲಿ ಎಂಟು ಸ್ಟುಡಿಯೊ ಆಲ್ಬಂಗಳನ್ನು ಹೊರತಂದರು. ಆ ಕಾಲದ ಪ್ರವಾಸಗಳಲ್ಲಿ ಧ್ವನಿಮುದ್ರಿಸಿಕೊಂಡ ಮೂರು ಲೈವ್ ಆಲ್ಬಂಗಳು 1972, 1974 ಮತ್ತು 1980ರಲ್ಲಿ ಬಂದವು. ಬಲ್ಲವರನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ರೋರಿ ವೇದಿಕೆಯ ಮನುಷ್ಯ, ಲೈವ್ ಆಲ್ಬಂಗಳನ್ನು ಕೇಳಿ, ಉಳಿದವನ್ನು ಆಮೇಲೆ ನೋಡಿಕೊಳ್ಳಬಹುದು. ನಾನೂ ಹಲವು ವರ್ಷ ಈ ಮಾತನ್ನು ನಂಬಿ, ಸ್ಟುಡಿಯೊ ಆಲ್ಬಂಗಳನ್ನು ಮೂಲೆಗೆ ಸರಿಸಿದ್ದೆ. ಅದರಿಂದ ನನಗೆ ನಷ್ಟವೇ ಆಯಿತೆಂದು ಈಗ ಅನ್ನಿಸುತ್ತದೆ. ಏಕೆಂದರೆ ವೇದಿಕೆಯಲ್ಲಿ ರೋರಿ ಒಂದು ಹಾಡನ್ನು ಎಷ್ಟು ದೂರ ಕೊಂಡೊಯ್ದರು ಎಂಬುದು, ಆ ಹಾಡು ಎಲ್ಲಿಂದ ಹೊರಟಿತ್ತು ಎಂಬುದು ಗೊತ್ತಿದ್ದವರಿಗೆ ಮಾತ್ರ ತಿಳಿಯುತ್ತದೆ. ಕಛೇರಿಗಳನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೃತಿ ಕಿವಿಯಲ್ಲಿ ನಿಂತಿದ್ದರೆ ತಾನೇ ನೆರವಲಿನ, ಎಂದರೆ ಅದರ ಒಂದು ಸಾಲನ್ನು ಹಿಡಿದು ಮಾಡುವ ವಿಸ್ತಾರದ, ರುಚಿ ಹತ್ತುವುದು.

ಆಯ್ಕೆಗೆ ನಾನು ಸೂಚಿಸುವ ದಾರಿ ಬೇರೆ. ಈ ಹನ್ನೊಂದು ಆಲ್ಬಂಗಳನ್ನು ಸ್ಟುಡಿಯೊ ಮತ್ತು ಲೈವ್ ಎಂದು ಎರಡು ರಾಶಿ ಮಾಡುವ ಬದಲು, ರೋರಿಯ ಜೊತೆಗೆ ಯಾರು ನುಡಿಸುತ್ತಿದ್ದರು ಎಂಬುದನ್ನು ನೋಡಿ ಮೂರು ಗುಂಪು ಮಾಡಿಕೊಳ್ಳಬೇಕು. ಬೇಸ್ ಗಿಟಾರಿನಲ್ಲಿ ಬೆಲ್‌ಫಾಸ್ಟಿನ ಗೆರ್ರಿ ಮ್ಯಾಕವಾಯ್ ಹನ್ನೊಂದರಲ್ಲೂ ಇದ್ದಾರೆ. ಮೊದಲಿಗೆ ಡ್ರಮ್ಸ್‌ನಲ್ಲಿ ವಿಲ್ಗರ್ ಕ್ಯಾಂಬೆಲ್ ಇದ್ದ ಮೂವರ ತಂಡ. 1972ರಿಂದ ಕೀಬೋರ್ಡಿನಲ್ಲಿ ಲೂ ಮಾರ್ಟಿನ್, ಡ್ರಮ್ಸ್‌ನಲ್ಲಿ ರಾಡ್ ಡೀಆತ್ ಸೇರಿದ ನಾಲ್ವರ ತಂಡ. 1978ರಿಂದ ಟೆಡ್ ಮ್ಯಾಕೆನ್ನ ಡ್ರಮ್ಸ್ ನುಡಿಸಿದ, ಮತ್ತೆ ಮೂವರ ತಂಡ. ಒಂದೊಂದು ತಂಡದ ಕಾಲಕ್ಕೆ ಒಂದೊಂದೇ ಲೈವ್ ಆಲ್ಬಂ ಸೇರುತ್ತದೆ. ಹೀಗಾಗಿ ಯಾವ ಲೈವ್ ಆಲ್ಬಮ್ಮಿಗೆ ಯಾವ ಸ್ಟುಡಿಯೊ ಆಲ್ಬಂ ಜೋಡಿ ಎಂಬುದು ತಾನಾಗಿಯೇ ತಿಳಿಯುತ್ತದೆ, ಮತ್ತು ಕೇಳುವವರು ಒಂದು ಬಿಡಿ ಆಲ್ಬಮ್ಮಿನ ಬದಲು ಒಂದು ಜೋಡಿಯನ್ನು ಆರಿಸಿಕೊಳ್ಳಬಹುದು.

ರೋರಿಯ ಪರಿಚಯವಿಲ್ಲದವರಿಗಾಗಿ ಕೆಲವು ಮಾತು. ಅವರು 1948ರ ಮಾರ್ಚ್ 2ರಂದು ಐರ್ಲೆಂಡಿನ ಡಾನೆಗಾಲ್ ಕೌಂಟಿಯ ಬ್ಯಾಲಿಶ್ಯಾನನ್ ಊರಿನಲ್ಲಿ ಹುಟ್ಟಿದರು, ಕಾರ್ಕ್ ನಗರದಲ್ಲಿ ಬೆಳೆದರು. 1963ರಲ್ಲಿ, ಹದಿನೈದರ ಹರೆಯದಲ್ಲಿ, ಕಾರ್ಕ್‌ನ ಕ್ರೌಲೀಸ್ ಎಂಬ ವಾದ್ಯದಂಗಡಿಯಿಂದ 100 ಪೌಂಡಿಗೆ ಸಾಲದ ಮೇಲೆ ಕೊಂಡ, 1961ರಲ್ಲಿ ತಯಾರಾದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರ್ ಕೊನೆಯವರೆಗೂ ಅವರ ಮುಖ್ಯ ವಾದ್ಯವಾಗಿತ್ತು. ಬೆವರಿಗೆ ಅದರ ಬಣ್ಣವೆಲ್ಲ ಎದ್ದು ಮರ ಕಾಣುತ್ತಿತ್ತು. ಅರವತ್ತರ ದಶಕದ ಕೊನೆಗೆ ಅವರ ‘ಟೇಸ್ಟ್’ ತಂಡ ಹೆಸರು ಮಾಡಿತ್ತು. 1970ರ ಐಲ್ ಆಫ್ ವೈಟ್ ಉತ್ಸವದಲ್ಲಿ ನುಡಿಸಿದ ಸ್ವಲ್ಪ ಕಾಲದಲ್ಲಿಯೇ ಆ ತಂಡ ಒಡೆಯಿತು. ನಂತರ ಸ್ವಂತ ಹೆಸರಿನ ದಾರಿ. ಅವರು ಲಂಡನ್ನಿನಲ್ಲಿ 1995ರ ಜೂನ್ 14ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮೊದಲ ಮೂವರ ತಂಡದ ಕಾಲದಲ್ಲಿ ಎರಡು ಸ್ಟುಡಿಯೊ ಆಲ್ಬಂಗಳು ಬಂದವು, ಎರಡೂ 1971ರಲ್ಲಿಯೇ. ‘ರೋರಿ ಗ್ಯಾಲಹರ್’ ಎಂಬ ಮೊದಲನೆಯದು ಸೌಮ್ಯ ಸ್ವಭಾವದ್ದು. ‘ಜಸ್ಟ್ ದ ಸ್ಮೈಲ್’ ಹಾಡಿನಲ್ಲಿ ಅಕೌಸ್ಟಿಕ್ ಗಿಟಾರಿನ ಬೆರಳಾಟ ಬ್ರಿಟನ್ ಮತ್ತು ಐರ್ಲೆಂಡಿನ ಜನಪದ ಗಿಟಾರ್ ಪರಂಪರೆಗೆ ಹತ್ತಿರವಾಗಿದೆ. ಕೊನೆಯ ಹಾಡಿನಲ್ಲಿ ರೋರಿ ಸ್ಯಾಕ್ಸೊಫೋನ್ ಕೂಡ ನುಡಿಸಿದ್ದಾರೆ. ಹಾಡು ಕಟ್ಟುವವನಾಗಿ ರೋರಿ ಎಂಥವರು ಎಂದು ತಿಳಿಯಲು ಇದು ಒಳ್ಳೆಯದು. ಆದರೆ ಇವೆರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಹಿಂದುಮುಂದು ನೋಡದೆ ‘ಡ್ಯೂಸ್’ ಎನ್ನುತ್ತೇನೆ. ಲಂಡನ್ನಿನ ಡಾಲ್ಸ್‌ಟನ್ ಬಡಾವಣೆಯ ಟ್ಯಾಂಜರೀನ್ ಎಂಬ ಚಿಕ್ಕ ಸ್ಟುಡಿಯೊದಲ್ಲಿ, ಮೂವರೂ ಒಟ್ಟಿಗೆ ನಿಂತು ನುಡಿಸಿದ್ದನ್ನು ಹೆಚ್ಚು ತಿದ್ದದೆ ಉಳಿಸಿಕೊಂಡ ಆಲ್ಬಂ ಇದು. ನಿರ್ಮಾಪಕರೂ ರೋರಿಯೇ. ನಾದ ಸ್ವಲ್ಪ ಒರಟಾಗಿದೆ, ಕೆಲವೆಡೆ ಹಾಡುವ ದನಿ ವಾದ್ಯಗಳ ನಡುವೆ ಹುದುಗುತ್ತದೆ. ಆದರೂ ‘ಕ್ರೆಸ್ಟ್ ಆಫ್ ಎ ವೇವ್’ ಹಾಡಿನಲ್ಲಿ ಸ್ಲೈಡ್, ಎಂದರೆ ಬೆರಳಿಗೆ ತೊಟ್ಟ ಕೊಳವೆಯನ್ನು ತಂತಿಯ ಮೇಲೆ ಜಾರಿಸಿ ನುಡಿಸುವ ಕ್ರಮ, ಹಾಡನ್ನು ಕೊನೆಗೆ ಎತ್ತಿ ನಿಲ್ಲಿಸುವ ಬಗೆಯನ್ನು ಕೇಳಿದಾಗ ಈ ಒರಟುತನವನ್ನು ನಯಗೊಳಿಸಿದ್ದರೆ ಹಾಡೇ ಕೆಡುತ್ತಿತ್ತು ಎಂದು ಖಚಿತವಾಗುತ್ತದೆ.

‘ಡ್ಯೂಸ್’ ಆಲ್ಬಮ್ಮಿನ ಜೋಡಿ ‘ಲೈವ್ ಇನ್ ಯುರೋಪ್’, 1972ರದು. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು: ಮೂಲ ಆಲ್ಬಮ್ಮಿನಲ್ಲಿರುವ ಏಳು ಹಾಡುಗಳಲ್ಲಿ ಹಿಂದಿನ ಸ್ಟುಡಿಯೊ ಆಲ್ಬಂಗಳಿಂದ ಬಂದವು ಎರಡೇ, ‘ಲಾಂಡ್ರೊಮ್ಯಾಟ್’ ಮತ್ತು ‘ಇನ್ ಯುವರ್ ಟೌನ್’. ಉಳಿದವುಗಳಲ್ಲಿ ಹೆಚ್ಚಿನವು ಅಮೆರಿಕದ ಬ್ಲೂಸ್ ಭಂಡಾರದಿಂದ ಎತ್ತಿಕೊಂಡವು. ಜೂನಿಯರ್ ವೆಲ್ಸ್ ಹಾಡಿ ಪ್ರಸಿದ್ಧಗೊಳಿಸಿದ ‘ಮೆಸಿನ್ ವಿತ್ ದ ಕಿಡ್’ ಆರಂಭದಲ್ಲಿದೆ. ಬ್ಲೈಂಡ್ ಬಾಯ್ ಫುಲ್ಲರ್ ಅವರ ‘ಪಿಸ್ಟಲ್ ಸ್ಲ್ಯಾಪರ್ ಬ್ಲೂಸ್’ ನಡುವೆ ಒಂಟಿ ಅಕೌಸ್ಟಿಕ್ ಗಿಟಾರಿನ ಮೇಲೆ ಬರುತ್ತದೆ. ಮ್ಯಾಂಡೊಲಿನ್ ಹಿಡಿದು ಹಾಡುವ ‘ಗೋಯಿಂಗ್ ಟು ಮೈ ಹೋಮ್ ಟೌನ್’ ಹಾಡಿನಲ್ಲಿ ಸಭಿಕರ ಚಪ್ಪಾಳೆಯೇ ತಾಳವಾಗುತ್ತದೆ. ಹೀಗಾಗಿ ಈ ಲೈವ್ ಆಲ್ಬಂ ಸ್ಟುಡಿಯೊ ಹಾಡುಗಳ ಮರುಮುದ್ರಣವಲ್ಲ. ಇದನ್ನು ಕೊಂಡವರಿಗೆ ಬಹುಪಾಲು ಹೊಸ ಹಾಡುಗಳೇ ಸಿಗುತ್ತವೆ. ‘ಡ್ಯೂಸ್’ ಜೊತೆಗಿನ ಹೋಲಿಕೆಗೆ ಒಂದೇ ಹಾಡು ಇಲ್ಲಿದೆ. ‘ಇನ್ ಯುವರ್ ಟೌನ್’ ಸ್ಟುಡಿಯೊದಲ್ಲಿ ಆರು ನಿಮಿಷದೊಳಗೆ ಮುಗಿಯುತ್ತದೆ, ವೇದಿಕೆಯಲ್ಲಿ ಸುಮಾರು ಹತ್ತು ನಿಮಿಷ ನಡೆಯುತ್ತದೆ. ಮೂವರ ತಂಡದಲ್ಲಿ ಗಿಟಾರ್ ಸೋಲೊ ಹಿಡಿದ ಕೂಡಲೇ ಹಿಂದೆ ಕಾರ್ಡ್, ಎಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ, ಹಿಡಿಯುವವರು ಯಾರೂ ಇರುವುದಿಲ್ಲ, ಆ ಖಾಲಿ ಜಾಗವನ್ನು ಬೇಸ್ ತುಂಬಬೇಕು. ಮ್ಯಾಕವಾಯ್ ಅದನ್ನು ಹೇಗೆ ತುಂಬುತ್ತಾರೆ, ಸ್ಲೈಡ್ ನುಡಿಸುತ್ತಿರುವಾಗಲೇ ರೋರಿ ಲಯವನ್ನು ಹೇಗೆ ಜೀವಂತವಾಗಿ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಕೇಳಲೆಂದೇ ಈ ಹತ್ತು ನಿಮಿಷಗಳಿಗೆ ಮತ್ತೆ ಮತ್ತೆ ಮರಳಬಹುದು.

ಈ ಕಾಲದ ನಾದದ ಗುಟ್ಟು ಸರಳ. ವಾಕ್ಸ್ ಎಸಿ30 ಆಂಪ್ಲಿಫೈಯರ್, ಅದರ ಮುಂದೆ ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ, ಮೇಲಿನ ಸ್ವರಗಳ ದನಿಯನ್ನು ಏರಿಸುವ ಟ್ರೆಬಲ್ ಬೂಸ್ಟರ್, ಅಷ್ಟೇ. ಅಂದಿನ ಗಿಟಾರ್ ವಾದಕರು ಕಾಲಿನಿಂದ ಒತ್ತುವ ವಾ-ವಾ ಪೆಡಲ್‌ನಿಂದ ಪಡೆಯುತ್ತಿದ್ದ, ದನಿ ಬಾಯಿ ತೆರೆದು ಮುಚ್ಚಿದಂತೆ ಕೇಳುವ ಪರಿಣಾಮವನ್ನು ರೋರಿ ಗಿಟಾರಿನ ಮೇಲಿನ ಟೋನ್ ಗುಬುಟನ್ನು ಕಿರುಬೆರಳಿನಿಂದ ತಿರುಗಿಸಿಯೇ ಪಡೆಯುತ್ತಿದ್ದರು.

ಎರಡನೆಯ ತಂಡದ ಕಾಲಕ್ಕೆ ಬಂದಾಗ ಆಯ್ಕೆ ನಿಜಕ್ಕೂ ಕಷ್ಟವಾಗುತ್ತದೆ, ಏಕೆಂದರೆ ರೋರಿಯ ಅತ್ಯುತ್ತಮ ಕೆಲಸವೆಲ್ಲ ಹೆಚ್ಚುಕಡಿಮೆ ಇಲ್ಲಿಯೇ ಇದೆ. 1973ರ ‘ಬ್ಲೂಪ್ರಿಂಟ್’ ಹೊಸ ತಂಡ ತನ್ನ ನೆಲೆ ಹುಡುಕುತ್ತಿದ್ದ ಆಲ್ಬಂ. ‘ವಾಕ್ ಆನ್ ಹಾಟ್ ಕೋಲ್ಸ್’ ಎಂಬ ಒಂದು ದೊಡ್ಡ ಹಾಡು, ‘ಅನ್‌ಮಿಲಿಟರಿ ಟೂ ಸ್ಟೆಪ್’ ಎಂಬ ಚೆಂದದ ಅಕೌಸ್ಟಿಕ್ ತುಣುಕು ಇಲ್ಲಿವೆ, ಆದರೆ ಆಲ್ಬಂ ಒಟ್ಟಾರೆಯಾಗಿ ಒಂದೇ ಬಿಗಿಯಲ್ಲಿ ಸಾಗುವುದಿಲ್ಲ. ಅದೇ ವರ್ಷದ ‘ಟ್ಯಾಟೂ’ ಹಾಗಲ್ಲ. ಎಪ್ಪತ್ತರ ದಶಕದಲ್ಲಿ ರೋರಿ ಮಾಡಿದ ಸ್ಟುಡಿಯೊ ಆಲ್ಬಂಗಳಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳಬಹುದೆಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ. ‘ಟ್ಯಾಟೂಡ್ ಲೇಡಿ’ ಜಾತ್ರೆಯ ಡೇರೆಗಳ ನಡುವಿನ ಬದುಕನ್ನು ಹಾಡುತ್ತದೆ. ‘20:20 ವಿಷನ್’ ಪಿಯಾನೊ ಮತ್ತು ಅಕೌಸ್ಟಿಕ್ ಗಿಟಾರಿನ ಹಗುರ ನಡಿಗೆ. ‘ದೇ ಡೋಂಟ್ ಮೇಕ್ ದೆಮ್ ಲೈಕ್ ಯು ಎನಿಮೋರ್’ ಹಾಡಿನಲ್ಲಿ ಜಾಝ್ ಸಂಗೀತದ ನೆರಳು ಸ್ಪಷ್ಟವಾಗಿದೆ. ಇಷ್ಟು ಬಗೆಗಳಿದ್ದರೂ ಎಲ್ಲವೂ ಒಂದೇ ಮನೆಯ ಮಕ್ಕಳಂತೆ ಕೇಳಿಸುತ್ತವೆ. ಅದಕ್ಕೆ ಮುಖ್ಯ ಕಾರಣ ಲೂ ಮಾರ್ಟಿನ್. ಕೀಬೋರ್ಡ್ ಕಾರ್ಡ್‌ಗಳ ನೆಲವನ್ನು ಹಿಡಿದಿಟ್ಟಿರುವುದರಿಂದ ಗಿಟಾರಿಗೆ ಮೊದಲ ಬಾರಿಗೆ ಸುಮ್ಮನಿರುವ ಅವಕಾಶ ಸಿಕ್ಕಿದೆ, ಮತ್ತು ರೋರಿ ಆ ಮೌನವನ್ನು ಬಹಳ ಚೆನ್ನಾಗಿ ಬಳಸಿಕೊಂಡಿದ್ದಾರೆ.

‘ಟ್ಯಾಟೂ’ ಬಂದ ಕೆಲವೇ ತಿಂಗಳಿಗೆ, 1974ರ ಜನವರಿಯಲ್ಲಿ, ಈ ತಂಡ ಐರ್ಲೆಂಡಿನ ಪ್ರವಾಸ ಮಾಡಿತು. ಬೆಲ್‌ಫಾಸ್ಟಿನ ಅಲ್ಸ್ಟರ್ ಹಾಲ್, ಡಬ್ಲಿನ್ನಿನ ಕಾರ್ಲ್‌ಟನ್ ಚಿತ್ರಮಂದಿರ, ಕಾರ್ಕ್‌ನ ಸಿಟಿ ಹಾಲ್, ಈ ಮೂರೂ ಕಡೆ ರಾನಿ ಲೇನ್ ಅವರ ಸಂಚಾರಿ ಸ್ಟುಡಿಯೊ ವಾಹನವನ್ನು ಬಳಸಿ ಧ್ವನಿಮುದ್ರಣ ನಡೆಯಿತು. ಜೊತೆಗೆ ನಿರ್ದೇಶಕ ಟೋನಿ ಪಾಮರ್ ಪ್ರವಾಸವನ್ನು ಚಿತ್ರೀಕರಿಸಿದರು. ಉತ್ತರ ಐರ್ಲೆಂಡಿನಲ್ಲಿ ಬಾಂಬು, ಗುಂಡಿನ ದಿನಗಳವು. ಹೊರಗಿನ ಬಹುತೇಕ ರಾಕ್ ತಂಡಗಳು ಬೆಲ್‌ಫಾಸ್ಟಿನ ಕಡೆ ತಲೆಹಾಕದ ಕಾಲದಲ್ಲಿ ರೋರಿ ಅಲ್ಲಿಗೆ ಹೋಗುವುದನ್ನು ಬಿಟ್ಟಿರಲಿಲ್ಲ. ಹೀಗೆ ಹುಟ್ಟಿದ ಎರಡು ತಟ್ಟೆಗಳ ‘ಐರಿಶ್ ಟೂರ್ 74’ ಆಲ್ಬಮ್ಮಿನಲ್ಲಿ ಸಭೆಯ ಸದ್ದಿಗೆ ಬೇರೆಯದೇ ಗುಣವಿದೆ. ಅದು ಹೊರಗಿನಿಂದ ಬಂದ ತಾರೆಯನ್ನು ನೋಡಲು ನೆರೆದವರ ಕೇಕೆಯಲ್ಲ, ತಮ್ಮ ಹುಡುಗ ಮನೆಗೆ ಬಂದಿದ್ದಾನೆ ಎಂಬ ಸಂತೋಷದ ಕೂಗು. ಕಾರ್ಕ್ ನಿಜವಾಗಿಯೂ ಅವರ ಮನೆಯೇ ಆಗಿತ್ತು.

ಹೋಲಿಕೆಗೆ ಇಷ್ಟು ಒಳ್ಳೆಯ ಜೋಡಿ ಬ್ಲೂಸ್-ರಾಕ್ ಸಂಗೀತದಲ್ಲಿ ಇನ್ನೊಂದು ಸಿಗುವುದು ಕಷ್ಟ. ‘ಟ್ಯಾಟೂ’ವಿನ ನಾಲ್ಕು ಹಾಡುಗಳು, ‘ಬ್ಲೂಪ್ರಿಂಟ್’ನ ಒಂದು ಹಾಡು ಇಲ್ಲಿ ವೇದಿಕೆಯ ರೂಪದಲ್ಲಿ ಸಿಗುತ್ತವೆ, ನುಡಿಸುವವರು ಅದೇ ನಾಲ್ವರು, ನಡುವೆ ಹೋದ ಕಾಲ ಬಹಳ ಕಡಿಮೆ. ಆದ್ದರಿಂದ ಬದಲಾದದ್ದು ಏನೇ ಇದ್ದರೂ ಅದು ವೇದಿಕೆಯಿಂದಲೇ ಆದ ಬದಲಾವಣೆ. ‘ಹೂಸ್ ದಟ್ ಕಮಿಂಗ್’ ಸ್ಟುಡಿಯೊದಲ್ಲಿ ಸುಮಾರು ನಾಲ್ಕೂವರೆ ನಿಮಿಷದ ಅಚ್ಚುಕಟ್ಟಾದ ಸ್ಲೈಡ್ ಹಾಡು. ವೇದಿಕೆಯಲ್ಲಿ ಅದರ ಎರಡರಷ್ಟು ಬೆಳೆದು, ನಡುವೆ ದನಿ ತಗ್ಗಿಸಿ ಪಿಸುಗುಟ್ಟಿ, ಮತ್ತೆ ಮೇಲೇಳುತ್ತದೆ. ‘ವಾಕ್ ಆನ್ ಹಾಟ್ ಕೋಲ್ಸ್’ ಏಳು ನಿಮಿಷದಿಂದ ಹನ್ನೊಂದಕ್ಕೆ ಹೋಗುತ್ತದೆ, ಮತ್ತು ಸ್ಟುಡಿಯೊದಲ್ಲಿ ಸ್ವಲ್ಪ ಬಿಗಿದಂತಿದ್ದ ಆ ಹಾಡಿಗೆ ಅದರ ನಿಜವಾದ ವೇಗ ಇಲ್ಲಿ ದೊರೆಯುತ್ತದೆ. ‘ಕ್ರೇಡಲ್ ರಾಕ್’ ಮಾತ್ರ ಎರಡೂ ಕಡೆ ಹೆಚ್ಚು ವ್ಯತ್ಯಾಸವಿಲ್ಲದೆ ಚೆನ್ನಾಗಿದೆ.

‘ಟ್ಯಾಟೂಡ್ ಲೇಡಿ’ಯ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗದಿರಬಹುದು. ಲೈವ್ ರೂಪವೇ ಮೇಲು ಎನ್ನುವವರು ಹೆಚ್ಚು, ಅದರ ಸೋಲೊ ರೋಮಾಂಚನಕಾರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹಾಡಿನ ಕಥೆ, ಅದರೊಳಗಿನ ಬೆಚ್ಚನೆಯ ನೆನಪು, ಸ್ಟುಡಿಯೊ ರೂಪದಲ್ಲಿಯೇ ಹೆಚ್ಚು ಸ್ಪಷ್ಟ. ರೋರಿ ಅಲ್ಲಿ ಪ್ರತಿಯೊಂದು ಪದವನ್ನೂ ಹಾಡುತ್ತಾರೆ. ವೇದಿಕೆಯಲ್ಲಿ ಪದಗಳನ್ನು ದಾಟಿಕೊಂಡು ಗಿಟಾರಿನ ಕಡೆ ಧಾವಿಸುತ್ತಾರೆ. ಲೈವ್ ಆಲ್ಬಂ ಒಂದಿದ್ದರೆ ಸಾಕು ಎಂಬ ಸಲಹೆಯನ್ನು ನಾನು ಒಪ್ಪದಿರಲು ಇದೊಂದೇ ಹಾಡು ಸಾಕಷ್ಟು ಕಾರಣ.

‘ಐರಿಶ್ ಟೂರ್ 74’ರಲ್ಲಿ ರೋರಿಯ ಸ್ಟುಡಿಯೊ ಆಲ್ಬಂಗಳಲ್ಲಿ ಇಲ್ಲದ ಹಾಡುಗಳೂ ಇವೆ. ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ ‘ಐ ವಂಡರ್ ಹೂ’, ಜೆ.ಬಿ. ಹಟ್ಟೊ ಅವರ ‘ಟೂ ಮಚ್ ಆಲ್ಕೊಹಾಲ್’, ಟೋನಿ ಜೋ ವೈಟ್ ಬರೆದ ‘ಆ್ಯಸ್ ದ ಕ್ರೋ ಫ್ಲೈಸ್’. ಮಡ್ಡಿ ವಾಟರ್ಸ್ 1971ರ ಕೊನೆಯಲ್ಲಿ ಲಂಡನ್ನಿನಲ್ಲಿ ಆಲ್ಬಂ ಮಾಡಿದಾಗ ರೋರಿ ಅವರ ಜೊತೆ ನುಡಿಸಿದ್ದರು. ಆ ಗುರುಭಾವ ಇಲ್ಲಿ ಕೇಳಿಸುತ್ತದೆ. ಆಲ್ಬಂ ಇಷ್ಟವಾದವರಿಗೆ 2014ರಲ್ಲಿ ಬಂದ ಏಳು ಸಿ.ಡಿ. ಮತ್ತು ಒಂದು ಡಿ.ವಿ.ಡಿ.ಯ ಪೆಟ್ಟಿಗೆಯಲ್ಲಿ ಮೂರೂ ನಗರಗಳ ಧ್ವನಿಮುದ್ರಣಗಳು ವಿಸ್ತಾರವಾಗಿ ಸಿಗುತ್ತವೆ. ಆದರೆ ಅದರಿಂದ ಆರಂಭಿಸುವುದು ಬೇಡ. ಒಂದೇ ಹಾಡನ್ನು ಮೂರು ಊರುಗಳಲ್ಲಿ ಕೇಳುವ ಆಸೆ ಹುಟ್ಟಬೇಕಾದರೆ ಮೊದಲು ಆ ಹಾಡು ಮನಸ್ಸಿಗೆ ಹತ್ತಿರವಾಗಿರಬೇಕು.

ಇದೇ ತಂಡ ಮುಂದೆ ಕ್ರಿಸಲಿಸ್ ಎಂಬ ಧ್ವನಿಮುದ್ರಣ ಕಂಪನಿಗೆ ಎರಡು ಸ್ಟುಡಿಯೊ ಆಲ್ಬಂಗಳನ್ನು ಮಾಡಿತು. 1975ರ ‘ಅಗೆನ್ಸ್ಟ್ ದ ಗ್ರೇನ್’ನಲ್ಲಿ ಕೇಳಲೇಬೇಕಾದದ್ದು ಅಮೆರಿಕದ ಜನಪದ ಗಾಯಕ ಲೆಡ್‌ಬೆಲ್ಲಿಯ ‘ಔಟ್ ಆನ್ ದ ವೆಸ್ಟರ್ನ್ ಪ್ಲೇನ್’. ಅಮೆರಿಕದ ಗೋಪಾಲಕನ ಹಾಡನ್ನು ರೋರಿ ತಂತಿಗಳ ಶ್ರುತಿಯನ್ನು ಡಿ-ಎ-ಡಿ-ಜಿ-ಎ-ಡಿ ಎಂದು ಬದಲಿಸಿ, ಐರಿಶ್ ರಾಗದ ಛಾಯೆಯಲ್ಲಿ ಒಬ್ಬರೇ ಕುಳಿತು ನುಡಿಸುತ್ತಾರೆ. 1976ರ ‘ಕಾಲಿಂಗ್ ಕಾರ್ಡ್’ ಆಲ್ಬಮ್ಮನ್ನು ಡೀಪ್ ಪರ್ಪಲ್ ಎಂಬ ರಾಕ್ ತಂಡದ ರಾಜರ್ ಗ್ಲೋವರ್ ಜೊತೆಗೂಡಿ ಮ್ಯೂನಿಕ್‌ನ ಮ್ಯೂಸಿಕ್‌ಲ್ಯಾಂಡ್ ಸ್ಟುಡಿಯೊದಲ್ಲಿ ಮಾಡಿದರು. ನಾದದ ಅಚ್ಚುಕಟ್ಟನ್ನು ಬಯಸುವವರು, ಲೈವ್ ಆಲ್ಬಂಗಳ ಗದ್ದಲ ಒಗ್ಗದವರು ಇದರಿಂದಲೇ ಆರಂಭಿಸಬೇಕು. ಶೀರ್ಷಿಕೆಯ ಹಾಡಿನಲ್ಲಿ ಪಿಯಾನೊದೊಡನೆ ಗಿಟಾರ್ ತಡರಾತ್ರಿಯ ಮಾತುಕತೆಯಂತೆ ಸಾಗುತ್ತದೆ, ‘ಎಡ್ಜ್ಡ್ ಇನ್ ಬ್ಲೂ’ ಮತ್ತು ‘ಐ ವಿಲ್ ಅಡ್ಮಿಟ್ ಯು ಆರ್ ಗಾನ್’ ಹಾಡುಗಳ ವಿಷಾದ ರೋರಿಯ ಬೇರೆ ಆಲ್ಬಂಗಳಲ್ಲಿ ಇಷ್ಟು ತಿಳಿಯಾಗಿ ಬಂದಿಲ್ಲ. ಈ ಎರಡಕ್ಕೂ ಆ ಕಾಲದಲ್ಲಿ ಲೈವ್ ಜೋಡಿ ಬರಲಿಲ್ಲ. ಆ ಕೊರತೆಯನ್ನು ತುಂಬಿದ್ದು 2020ರಲ್ಲಿ ಹೊರಬಂದ ‘ಚೆಕ್ ಶರ್ಟ್ ವಿಝರ್ಡ್’, 1977ರ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರ್ಯಕ್ರಮಗಳ ಧ್ವನಿಮುದ್ರಣ. ‘ಕಾಲಿಂಗ್ ಕಾರ್ಡ್’ ಮೆಚ್ಚಿದವರು ನೇರವಾಗಿ ಅದಕ್ಕೆ ಹೋಗಬಹುದು.

ಮೂರನೆಯ ಕಾಲದ ಬಗ್ಗೆ ಹೇಳಬೇಕಾದದ್ದು ಕಡಿಮೆ. ರೋರಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿರ್ಮಾಪಕ ಎಲಿಯಟ್ ಮೇಝರ್ ಜೊತೆ ಒಂದು ಇಡೀ ಆಲ್ಬಂ ಮಾಡಿ, ಅದು ಮನಸ್ಸಿಗೆ ಒಪ್ಪಲಿಲ್ಲವೆಂದು ಕೈಬಿಟ್ಟರು. ಬಳಿಕ ನಾಲ್ವರ ತಂಡ ಮುರಿದು, ಜರ್ಮನಿಯ ಕಲೋನ್ ಬಳಿಯ ಡೀರ್ಕ್ಸ್ ಸ್ಟುಡಿಯೊದಲ್ಲಿ ಟೆಡ್ ಮ್ಯಾಕೆನ್ನ ಜೊತೆ ಹೊಸದಾಗಿ ಮಾಡಿದ್ದು 1978ರ ‘ಫೋಟೊ ಫಿನಿಶ್’. ‘ಶ್ಯಾಡೊ ಪ್ಲೇ’ ಎಂಬ ಅದ್ಭುತ ಹಾಡು ಅದರಲ್ಲಿದೆ. ಮರುವರ್ಷದ ‘ಟಾಪ್ ಪ್ರಯಾರಿಟಿ’ ಇನ್ನೂ ಗಡುಸು. ಅದರ ‘ಫಿಲ್ಬಿ’ ಎಂಬ ಹಾಡು ಗೂಢಚಾರ ಕಿಮ್ ಫಿಲ್ಬಿಯನ್ನು ಕುರಿತದ್ದು. ಎಲೆಕ್ಟ್ರಿಕ್ ಸಿತಾರಿನ ಝೇಂಕಾರ ಅಲ್ಲಿ ಇದ್ದಕ್ಕಿದ್ದಂತೆ ಕೇಳಿದಾಗ ನಮ್ಮ ಕಿವಿ ತಟ್ಟನೆ ನಿಮಿರುತ್ತದೆ. ಈ ಎರಡರ ಜೋಡಿಯಾಗಿ 1980ರಲ್ಲಿ ಬಂದ ‘ಸ್ಟೇಜ್ ಸ್ಟ್ರಕ್’ ಮೂರು ಲೈವ್ ಆಲ್ಬಂಗಳಲ್ಲಿ ನನಗೆ ಕೊನೆಯದು. ತಂಡದ ಬಲ ಎಳ್ಳಷ್ಟೂ ಕಡಿಮೆಯಿಲ್ಲ. ಆದರೆ ಅಕೌಸ್ಟಿಕ್ ಗಿಟಾರ್ ಇಲ್ಲ, ಮ್ಯಾಂಡೊಲಿನ್ ಇಲ್ಲ, ನಿಧಾನದ ಬ್ಲೂಸ್ ಇಲ್ಲ, ಹಾಡಿನ ಮೇಲೆ ಹಾಡು ಒಂದೇ ಏರುದನಿಯಲ್ಲಿ ಬರುತ್ತದೆ. ರೋರಿಯ ಕಾರ್ಯಕ್ರಮವೆಂದರೆ ಆ ಏರಿಳಿತವೇ ಎಂದು ಬಲ್ಲವರಿಗೆ ಇದು ಅರ್ಧ ಊಟದಂತೆ. ಅದರ ಬದಲು 2011ರ ‘ನೋಟ್ಸ್ ಫ್ರಮ್ ಸ್ಯಾನ್ ಫ್ರಾನ್ಸಿಸ್ಕೊ’ ಕೇಳಬೇಕೆಂದು ಸಲಹೆ ಕೊಡುತ್ತೇನೆ. ಕೈಬಿಟ್ಟಿದ್ದ ಆ ಸ್ಟುಡಿಯೊ ಆಲ್ಬಮ್ಮಿನ ಜೊತೆಗೆ, 1979ರ ಡಿಸೆಂಬರಿನಲ್ಲಿ ಅದೇ ನಗರದ ಓಲ್ಡ್ ವಾಲ್ಡಾರ್ಫ್‌ನಲ್ಲಿ ಈ ಮೂವರು ಕೊಟ್ಟ ಕಾರ್ಯಕ್ರಮವೂ ಅದರಲ್ಲಿ ಇದೆ. ಚಿಕ್ಕ ಸಭಾಂಗಣದ ಹತ್ತಿರದ ನಾದ ಅದಕ್ಕೆ ಹೊಂದಿಕೊಂಡಿದೆ.

ಹಾಗಾದರೆ ಆಯ್ಕೆ ಹೇಗೆ? ಗಿಟಾರ್ ನುಡಿಸುವವರು, ಅಥವಾ ವಾದನದ ಕಸುಬನ್ನು ಹತ್ತಿರದಿಂದ ಕೇಳಬಯಸುವವರು ‘ಡ್ಯೂಸ್’ ಮತ್ತು ‘ಲೈವ್ ಇನ್ ಯುರೋಪ್’ ಜೋಡಿಯಿಂದ ಹೊರಡಲಿ. ಮೂರೇ ವಾದ್ಯಗಳಿರುವುದರಿಂದ ಬೆರಳಿನ ಪ್ರತಿಯೊಂದು ನಡೆಯೂ ಬಿಡಿಸಿಟ್ಟಂತೆ ಕೇಳುತ್ತದೆ. ಹಾಡು, ಸಾಹಿತ್ಯ, ಮನೋಭಾವಗಳಿಗೆ ಒಲಿಯುವವರಿಗೆ ‘ಕಾಲಿಂಗ್ ಕಾರ್ಡ್’, ಆಮೇಲೆ ಮೊದಲ ಆಲ್ಬಂ. ಹಾರ್ಡ್ ರಾಕ್ ಕೇಳಿ ಬಂದವರಿಗೆ ‘ಟಾಪ್ ಪ್ರಯಾರಿಟಿ’ ಹತ್ತಿರದ ಬಾಗಿಲು. ಇನ್ನುಳಿದ ಎಲ್ಲರಿಗೂ ‘ಟ್ಯಾಟೂ’ ಮತ್ತು ‘ಐರಿಶ್ ಟೂರ್ 74’, ಇದೇ ಅನುಕ್ರಮದಲ್ಲಿ. ಒಂದಕ್ಕೆ ಮಾತ್ರ ಹಣವಿದ್ದರೆ, ಅಥವಾ ಒಂದಕ್ಕೆ ಮಾತ್ರ ಬಿಡುವಿದ್ದರೆ, ‘ಐರಿಶ್ ಟೂರ್ 74’ ಎಂದೇ ಹೇಳಬೇಕಾಗುತ್ತದೆ. ಹೇಳುವಾಗ ‘ಟ್ಯಾಟೂಡ್ ಲೇಡಿ’ಯ ಸ್ಟುಡಿಯೊ ರೂಪವನ್ನು ಬಿಟ್ಟುಕೊಡುತ್ತಿದ್ದೇನೆ ಎಂಬ ಬೇಸರ ನನಗೆ ಇದ್ದೇ ಇರುತ್ತದೆ.

ಜೋಡಿಯಾಗಿ ಕೇಳುವ ಕ್ರಮದ ಬಗ್ಗೆ ಒಂದು ಸೂಚನೆ ಇದೆ. ಸ್ಟುಡಿಯೊ ರೂಪ ಮುಗಿದ ಮರುಕ್ಷಣವೇ ಲೈವ್ ರೂಪವನ್ನು ಹಾಕಿದರೆ ಮನಸ್ಸು ವ್ಯತ್ಯಾಸಗಳ ಪಟ್ಟಿ ಮಾಡಲು ತೊಡಗುತ್ತದೆ, ಸಂಗೀತ ಹಿಂದೆ ಸರಿಯುತ್ತದೆ. ಒಂದು ವಾರ ‘ಟ್ಯಾಟೂ’ ಮಾತ್ರ ಕೇಳಿ, ಹಾಡುಗಳು ತಾವಾಗಿ ಗುನುಗುವ ಮಟ್ಟಕ್ಕೆ ಬರಲಿ. ಆಮೇಲೆ ಒಂದು ಸಂಜೆ ‘ಐರಿಶ್ ಟೂರ್ 74’ರ ‘ಎ ಮಿಲಿಯನ್ ಮೈಲ್ಸ್ ಅವೇ’ ಹಾಕಿಕೊಳ್ಳಿ. ಸ್ಟುಡಿಯೊದಲ್ಲಿ ಸುಮಾರು ಏಳು ನಿಮಿಷವಿದ್ದ ಆ ಹಾಡು, ಕಿಕ್ಕಿರಿದ ಹೋಟೆಲಿನ ಬಾರ್‌ನಲ್ಲಿ ಒಬ್ಬಂಟಿಯಾಗಿ ಕುಳಿತವನ ಹಾಡು, ವೇದಿಕೆಯಲ್ಲಿ ಒಂಬತ್ತೂವರೆ ನಿಮಿಷದ ಹತ್ತಿರ ಹೋಗುತ್ತದೆ. ಹಾಡಿನ ನಡುವೆ ಗಿಟಾರಿನ ದನಿ ತಗ್ಗುತ್ತ ಬಂದು, ತಂತಿಯನ್ನು ಮುಟ್ಟಿದರೋ ಇಲ್ಲವೋ ಎಂಬಷ್ಟು ಮೆಲ್ಲಗಾಗುತ್ತದೆ. ಅಷ್ಟು ಹೊತ್ತು ಕೂಗುತ್ತಿದ್ದ ಸಭೆ ಆಗ ಉಸಿರು ಬಿಗಿಹಿಡಿದು ಕೂತಿರುತ್ತದೆ.